ಎರಡು ಮನೆಯ ಪದ್ಧತಿ ಬೇರೆಯಾದಾಗ ಬೆಂಗಳೂರಿನಲ್ಲಿ ಮದುವೆ ನಡೆಸುವ ಬಗೆ

ಮದುವೆ ಆದದ್ದು ಯಾವ ಗಳಿಗೆಯಲ್ಲಿ? ಶಿವಾಜಿನಗರದಿಂದ ಬಸವನಗುಡಿಯವರೆಗೆ ನಾಲ್ಕು ಮನೆಗಳಲ್ಲಿ ಕೇಳಿ ನೋಡಿ, ನಾಲ್ಕು ಉತ್ತರ ಬರುತ್ತದೆ. ಒಂದು ಮನೆಗೆ ಸಪ್ತಪದಿಯ ಏಳನೇ ಹೆಜ್ಜೆ, ಇನ್ನೊಂದಕ್ಕೆ ಧಾರೆ ಎರೆದು ಗಟ್ಟಿಮೇಳದಲ್ಲಿ ತಾಳಿ ಕಟ್ಟಿದ ಗಳಿಗೆ, ಮತ್ತೊಂದಕ್ಕೆ ಸಾಕ್ಷಿಗಳ ಎದುರು ‘ಖುಬೂಲ್’ ಎಂದದ್ದು, ಮಗದೊಂದಕ್ಕೆ ಚರ್ಚಿನಲ್ಲಿ ಪಾದ್ರಿಯ ಮುಂದೆ ಮಾತು ಕೊಟ್ಟದ್ದು. ಬೀಗರಾಗಲಿರುವವರ ಉತ್ತರ ಬೇರೆಯಿದೆ ಎಂಬುದೇ ಎಷ್ಟೋ ಮನೆಗಳಿಗೆ ಕೊನೆಯ ವಾರದವರೆಗೆ ಹೊಳೆದಿರುವುದಿಲ್ಲ. ಮನಸ್ತಾಪ ಅಲ್ಲಿಂದ ಶುರುವಾಗುತ್ತದೆ.

ಜಾತಿಯೋ ಧರ್ಮವೋ ಬೇರೆಯಾದ ಮದುವೆಗೆ ಹೊರಟವರೂ ಅವರ ಹೆತ್ತವರೂ ಮೊದಲು ಕಾನೂನು, ಆಮೇಲೆ ಶಾಸ್ತ್ರಗಳ ದಿನ, ಕೊನೆಗೆ ಛತ್ರ ಎಂಬ ಕ್ರಮ ಹಿಡಿಯಬೇಕು. ಬಹಳ ಕಡೆ ಇದು ತಿರುವುಮುರುವಾಗುತ್ತದೆ. ಛತ್ರಕ್ಕೆ ಮುಂಗಡ ಕೊಟ್ಟು, ಲಗ್ನಪತ್ರಿಕೆ ಹಂಚಿ ಆದಮೇಲೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗುತ್ತಾರೆ. ಆಗ ಕೈಯಲ್ಲಿರುವುದು ಹದಿನೈದು ದಿನ, ಕಾನೂನು ಕೇಳುವುದು ಮೂವತ್ತು.

ಯಾವ ಕಾಯ್ದೆ ನಿಮ್ಮದು

ಇಬ್ಬರೂ ಹಿಂದೂ, ಬೌದ್ಧ, ಜೈನ ಅಥವಾ ಸಿಖ್ ಆಗಿದ್ದರೆ 1955ರ ಹಿಂದೂ ವಿವಾಹ ಕಾಯ್ದೆ ಸಾಕು. ವೀರಶೈವ, ಲಿಂಗಾಯತ, ಆರ್ಯಸಮಾಜದವರನ್ನು ಈ ಕಾಯ್ದೆ ಹೆಸರಿಟ್ಟೇ ಸೇರಿಸಿಕೊಂಡಿದೆ. ಜಾತಿ ಬೇರೆಯಾದರೆ ಅಡ್ಡಿಯಿಲ್ಲ. ಗೋತ್ರ ಒಂದೇ ಆದರೂ ಕಾನೂನಿನ ಅಡ್ಡಿಯಿಲ್ಲ. ಅದು ಮನೆಯವರನ್ನು ಒಪ್ಪಿಸುವ ಮಾತು ಮಾತ್ರ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು.

ಇಲ್ಲಿ ಎಡವುವುದು ಒಂದೇ ಜಾಗದಲ್ಲಿ: ಸರ್ಟಿಫಿಕೇಟ್ ಇದ್ದರೆ ಮದುವೆ ಆದಂತೆ ಎಂಬ ನಂಬಿಕೆ. ಸೆಕ್ಷನ್ 7ರ ಪ್ರಕಾರ ಗಂಡು ಅಥವಾ ಹೆಣ್ಣು, ಇಬ್ಬರಲ್ಲಿ ಒಬ್ಬರ ಕಡೆಯ ಸಂಪ್ರದಾಯದಂತೆ ಶಾಸ್ತ್ರ ನಡೆದಿರಲೇಬೇಕು. ವೀಸಾಕ್ಕೆಂದೋ ಮನೆ ಸಾಲಕ್ಕೆಂದೋ ಶಾಸ್ತ್ರ ಮಾಡದೆ ಮೊದಲೇ ನೋಂದಣಿ ಮಾಡಿಸಿಕೊಂಡು, ‘ಮದುವೆ ಆರು ತಿಂಗಳ ಮೇಲೆ’ ಎನ್ನುವ ಜೋಡಿಗಳಿವೆ. ಅಂಥ ಕಾಗದದಿಂದ ಹಿಂದೂ ಮದುವೆ ಆಗುವುದಿಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಿದೆ. ಸಪ್ತಪದಿಯೇ ಆಗಬೇಕೆಂದಿಲ್ಲ. ಧಾರೆ, ಮಾಂಗಲ್ಯಧಾರಣೆಯೇ ಪ್ರಧಾನವಾದ ಸಮುದಾಯಗಳಲ್ಲಿ ಅದೇ ಸಾಕು. ಕೊಡವರಲ್ಲಿ ಪುರೋಹಿತರೇ ಇಲ್ಲದೆ, ಹಿರಿಯರ ಆಶೀರ್ವಾದ ಮತ್ತು ಸಂಬಂಧ ಕೊಡುವ ಶಾಸ್ತ್ರದಿಂದ ಮದುವೆ ನಡೆಯುತ್ತದೆ, ಅದೂ ಸಂಪ್ರದಾಯವೇ. ಆದರೆ ಯಾವ ಶಾಸ್ತ್ರ ಪ್ರಧಾನವೋ ಅದರ ಫೋಟೊ, ವಿಡಿಯೊ, ಲಗ್ನಪತ್ರಿಕೆಯ ಒಂದು ಪ್ರತಿ ಜೋಪಾನವಾಗಿಡಿ. ಆರತಕ್ಷತೆಯ ಸಾವಿರ ಫೋಟೊಗಳಿಗಿಂತ ಧಾರೆಯ ಒಂದು ಫೋಟೊ ಮೇಲು.

ಕುವೆಂಪು ರೂಪಿಸಿದ, ಪುರೋಹಿತರಿಲ್ಲದೆ ಪ್ರತಿಜ್ಞೆ ಓದಿ ಆಗುವ ಮಂತ್ರಮಾಂಗಲ್ಯದ ರೀತಿಯಲ್ಲಿ ಸರಳವಾಗಿ ಮದುವೆಯಾಗುವವರಿಗೆ ಒಂದು ಮಾತು. ತಮಿಳುನಾಡು ಪುರೋಹಿತರಿಲ್ಲದ ಸುಯಮರಿಯಾದೆ (ಸ್ವಾಭಿಮಾನ) ಮದುವೆಗಳಿಗಾಗಿ ಹಿಂದೂ ವಿವಾಹ ಕಾಯ್ದೆಗೆ 7ಎ ಎಂಬ ಪ್ರತ್ಯೇಕ ಸೆಕ್ಷನ್ ಸೇರಿಸಿಕೊಂಡಿದೆ, ಕರ್ನಾಟಕದಲ್ಲಿ ಅಂಥದ್ದಿಲ್ಲ. ಆದ್ದರಿಂದ ಪ್ರತಿಜ್ಞೆಯ ಜೊತೆಗೆ, ಜಾತಿ ಧರ್ಮ ಯಾವುದಾದರೂ ಅಧಿಕಾರಿಯ ಎದುರು ಆಗುವ ಮದುವೆಗಿರುವ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯನ್ನೂ ಮುಗಿಸಿಕೊಳ್ಳುವುದು ಎಲ್ಲಕ್ಕಿಂತ ಭದ್ರ. ಆ ಮದುವೆಯ ಆಶಯಕ್ಕೂ ಅದು ಹತ್ತಿರದ್ದೇ.

ಒಬ್ಬರು ಹಿಂದೂ, ಇನ್ನೊಬ್ಬರು ಕ್ರೈಸ್ತ ಅಥವಾ ಮುಸ್ಲಿಂ ಆಗಿದ್ದರೆ ಹಿಂದೂ ವಿವಾಹ ಕಾಯ್ದೆ ನಡೆಯುವುದಿಲ್ಲ. ದೇವಸ್ಥಾನದಲ್ಲಿ ತಾಳಿ ಕಟ್ಟಿ ಆ ಕಾಯ್ದೆಯಡಿ ನೋಂದಣಿ ಮಾಡಿಸಿಕೊಂಡ ಹಿಂದೂ–ಕ್ಯಾಥೊಲಿಕ್ ಜೋಡಿಯೊಂದರ ಮದುವೆ ಅಸಿಂಧು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಹಿಂದೂ–ಕ್ರೈಸ್ತ ಜೋಡಿಗೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಡಿ ಚರ್ಚಿನಲ್ಲಿ ಮದುವೆಯಾಗುವ ದಾರಿ ಇದೆ, ಏಕೆಂದರೆ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೆ ಸಾಕು. ಮುಸ್ಲಿಂ ಪುರುಷ ಮತ್ತು ಹಿಂದೂ ಮಹಿಳೆಯ ನಿಕಾಹ್ ಶರೀಯತ್ತಿನ ಪ್ರಕಾರ ‘ಫಾಸಿದ್’, ಅಂದರೆ ದೋಷವುಳ್ಳದ್ದು. ಅವರ ಮಕ್ಕಳು ಸಕ್ರಮ, ಅವರಿಗೆ ತಂದೆಯ ಆಸ್ತಿಯಲ್ಲಿ ಪಾಲಿದೆ ಎಂದು 2019ರ ತೀರ್ಪಿದೆ. ಆದರೆ ಹೆಂಡತಿಗೆ ಅಂಥ ಮದುವೆಯಿಂದ ಗಂಡನ ಆಸ್ತಿಯಲ್ಲಿ ವಾರಸು ಹಕ್ಕು ದಕ್ಕುವುದಿಲ್ಲ. ಮುಸ್ಲಿಂ ಮಹಿಳೆ ಮುಸ್ಲಿಮರಲ್ಲದವರನ್ನು ಮದುವೆಯಾಗುವುದನ್ನು ಶರೀಯತ್ ಒಪ್ಪುವುದೇ ಇಲ್ಲ. ಇಬ್ಬರೂ ತಮ್ಮ ತಮ್ಮ ಧರ್ಮದಲ್ಲೇ ಉಳಿದು ಮದುವೆಯಾಗಬೇಕೆಂದರೆ 1954ರ ವಿಶೇಷ ವಿವಾಹ ಕಾಯ್ದೆಯೇ ನೇರ ದಾರಿ.

‘ಹೆಸರಿಗೆ ಮತಾಂತರ ಮಾಡಿಕೊಂಡುಬಿಡಿ, ಬೇಗ ಮುಗಿಯುತ್ತದೆ’ ಎನ್ನುವವರು ಸಿಗುತ್ತಾರೆ. ಕೇಳಬೇಡಿ. ಮನಸ್ಸಿಲ್ಲದ ಮತಾಂತರ ಎರಡೂ ಮನೆಯ ನಂಬಿಕೆಗೆ ಮಾಡುವ ಅವಮಾನ, ಮುಂದೆ ಆಸ್ತಿ, ಮಕ್ಕಳು, ಶವಸಂಸ್ಕಾರದ ಹೊತ್ತಿಗೆ ಅದೇ ಉರುಳಾಗುತ್ತದೆ.

ಮೂವತ್ತು ದಿನದ ಲೆಕ್ಕ

ವಿಶೇಷ ವಿವಾಹಕ್ಕೆ, ಮದುವೆಯಾಗುತ್ತೇವೆಂದು ವಿವಾಹಾಧಿಕಾರಿಗೆ ನೋಟಿಸ್ ಕೊಡುವ ಮುನ್ನ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕಡೇಪಕ್ಷ 30 ದಿನ ವಾಸವಿರಬೇಕು. ಪಿಜಿಯಲ್ಲಿರುವವರ ಆಧಾರ್‌ನಲ್ಲಿ ಊರಿನ ವಿಳಾಸವೇ ಇರುತ್ತದೆ. ಅರ್ಜಿ ವಾಪಸಾಗುವುದು ಹೆಚ್ಚಾಗಿ ಇದಕ್ಕೇ. ಬಾಡಿಗೆ ಕರಾರುಪತ್ರ ಮಾಡಿಸಿ, ಆಧಾರ್ ವಿಳಾಸ ಬದಲಿಸಿಕೊಂಡೇ ಹೋಗಿ. ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ, ಇಬ್ಬರ ಫೋಟೊ ಬೇಕು. ಮೊದಲ ಮದುವೆ ಮುರಿದಿದ್ದರೆ ವಿಚ್ಛೇದನದ ಡಿಕ್ರಿಯ ದೃಢೀಕೃತ ನಕಲು, ವಿಧವೆ ಅಥವಾ ವಿಧುರರಾಗಿದ್ದರೆ ಮರಣ ಪ್ರಮಾಣಪತ್ರ. ಡಿಕ್ರಿಯ ಮೇಲೆ ಮೇಲ್ಮನವಿ ಹೋಗಲು ಇರುವ 90 ದಿನ ಕಳೆದಿದೆಯೇ ನೋಡಿಕೊಳ್ಳಿ. ಎಲ್ಲ ಕಾಗದದಲ್ಲೂ ಹೆಸರಿನ ಅಕ್ಷರ ಒಂದೇ ಇರಲಿ. ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಮೊದಲೇ ಅಫಿಡವಿಟ್ ಮಾಡಿಸಿ.

ನೋಟಿಸನ್ನು ಕಚೇರಿಯ ಫಲಕದಲ್ಲಿ ಅಂಟಿಸುತ್ತಾರೆ. ಅಂಟಿಸಿದ ದಿನದಿಂದ 30 ದಿನ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಆದರೆ ಕಾನೂನು ಒಪ್ಪುವ ಕಾರಣಗಳು ಕೆಲವೇ: ವಯಸ್ಸು ಸಾಲದು, ಇನ್ನೊಂದು ಮದುವೆ ಜೀವಂತವಾಗಿದೆ, ಒಪ್ಪಿಗೆ ಕೊಡುವ ಮನಸ್ಥಿತಿಯಿಲ್ಲ, ನಿಷಿದ್ಧ ಸಂಬಂಧ. ‘ನಮಗೆ ಇಷ್ಟವಿಲ್ಲ’ ಎಂಬುದು ಆಕ್ಷೇಪಣೆಯೇ ಅಲ್ಲ. ಆಕ್ಷೇಪಣೆ ಬಂದರೆ ಅಧಿಕಾರಿ 30 ದಿನದೊಳಗೆ ವಿಚಾರಿಸಿ ತೀರ್ಮಾನ ಕೊಡಬೇಕು.

ಮನೆಯವರಿಗೆ ಹೇಳದೆ ಅರ್ಜಿ ಹಾಕುವವರು ಇದನ್ನು ತಿಳಿದಿರಲೇಬೇಕು: ನಿಮ್ಮ ಕಾಯಂ ವಿಳಾಸ ಬೇರೆ ಜಿಲ್ಲೆಯಲ್ಲಿದ್ದರೆ ನೋಟಿಸಿನ ಒಂದು ಪ್ರತಿ ಆ ಜಿಲ್ಲೆಯ ವಿವಾಹಾಧಿಕಾರಿಗೂ ಹೋಗಿ ಅಲ್ಲಿಯ ಫಲಕದಲ್ಲೂ ಅಂಟುತ್ತದೆ. ಬೆಂಗಳೂರಿನಲ್ಲಿ ಗುಟ್ಟಾಗಿ ಕೊಟ್ಟ ಅರ್ಜಿ ಮಂಡ್ಯದಲ್ಲೋ ಕಲಬುರಗಿಯಲ್ಲೋ ಬಯಲಾಗುವುದು ಹೀಗೆ. ಬೆದರಿಕೆಯ ಭಯವಿದ್ದರೆ ನೋಟಿಸ್ ಕೊಡುವ ಮೊದಲೇ ಪೊಲೀಸರಿಗೆ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯಿರಿ, ತುರ್ತಿಗೆ 112. ಇಂಥ ಜೋಡಿಗಳಿಗೆ ರಕ್ಷಣೆ ಕೊಡಲು 2018ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿದೆ. ವಯಸ್ಕರಿಬ್ಬರು ಒಪ್ಪಿದ ಮೇಲೆ ಕುಟುಂಬದ ಅಥವಾ ಜಾತಿಯ ಸಮ್ಮತಿ ಬೇಕಿಲ್ಲ ಎಂದು 2021ರಲ್ಲಿ ಹೇಳಿದ್ದಂತೂ ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ.

ಆಕ್ಷೇಪಣೆ ಇಲ್ಲದಿದ್ದರೆ ಮೂವತ್ತು ದಿನ ಕಳೆದ ಮೇಲೆ, ಆದರೆ ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಮುಗಿಯಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ ನೋಟಿಸ್. ಕೈಗೆ ಸಿಗುವುದು ಸುಮಾರು ಎರಡು ತಿಂಗಳು. ಆ ದಿನ ಮೂವರು ಸಾಕ್ಷಿಗಳು ಗುರುತಿನ ಚೀಟಿಯೊಂದಿಗೆ ಬರಬೇಕು. ಒಬ್ಬರು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೂ ಕೆಲಸ ನಿಲ್ಲುತ್ತದೆ, ಆದ್ದರಿಂದ ನಾಲ್ಕನೆಯವರನ್ನು ಕರೆದಿಟ್ಟುಕೊಳ್ಳಿ. ವಧೂವರರು ತಮಗೆ ತಿಳಿದ ಭಾಷೆಯಲ್ಲಿ, ನಿನ್ನನ್ನು ಕಾನೂನುಬದ್ಧ ಪತಿಯಾಗಿ, ಪತ್ನಿಯಾಗಿ ಸ್ವೀಕರಿಸುತ್ತೇನೆ ಎಂದು ಒಬ್ಬರಿಗೊಬ್ಬರು ಹೇಳಬೇಕು. ಈ ಮಾತಿಲ್ಲದೆ ಮದುವೆ ಪೂರ್ಣವಲ್ಲ. ಸಹಿ ಹಾಕುವ ಆತುರದಲ್ಲಿ ಇದನ್ನು ಗೊಣಗಿ ಮುಗಿಸಬೇಡಿ. ಅಜ್ಜಿ ಬಂದಿದ್ದರೆ ಅವರಿಗೆ ಕೇಳಿಸುವಂತೆ ಕನ್ನಡದಲ್ಲೇ ಹೇಳಿ.

ಈಗಾಗಲೇ ಶಾಸ್ತ್ರದಂತೆ ಮದುವೆಯಾಗಿ ಕೂಡಿ ಬಾಳುತ್ತಿರುವವರು ಸೆಕ್ಷನ್ 15ರಡಿ ಅದನ್ನೇ ವಿಶೇಷ ವಿವಾಹವಾಗಿ ನೋಂದಾಯಿಸಬಹುದು. ಅಲ್ಲೊಂದು ಕೊಕ್ಕೆ ಇದೆ: ನೋಂದಣಿ ದಿನಕ್ಕೆ ಇಬ್ಬರಿಗೂ 21 ತುಂಬಿರಬೇಕು. ಹತ್ತೊಂಬತ್ತರ ಹುಡುಗಿ ನೇರವಾಗಿ ವಿಶೇಷ ವಿವಾಹ ಆಗಬಹುದು, ಆದರೆ ಮೊದಲು ಬೇರೆ ರೀತಿ ಮದುವೆಯಾಗಿ ಆಮೇಲೆ ಈ ದಾರಿಗೆ ಬಂದರೆ ಎರಡು ವರ್ಷ ಕಾಯಬೇಕು.

ಶಾಸ್ತ್ರಗಳನ್ನು ಹೊಂದಿಸುವುದು

ಹಿಂದೂ ಮನೆ ಆಷಾಢ, ಪಿತೃಪಕ್ಷ, ಧನುರ್ಮಾಸ ಬಿಡುತ್ತದೆ. ಮುಸ್ಲಿಂ ಮನೆಗಳಲ್ಲಿ ರಂಜಾನ್ ತಿಂಗಳಲ್ಲೂ ಮೊಹರಂನಲ್ಲೂ ಮದುವೆ ಅಪರೂಪ. ಕ್ಯಾಥೊಲಿಕ್ಕರು ಈಸ್ಟರಿಗೆ ಮುಂಚಿನ ತಪಸ್ಸು ಕಾಲವನ್ನು, ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರಗಳನ್ನು ಸಾಮಾನ್ಯವಾಗಿ ಬಿಡುತ್ತಾರೆ. ರಂಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಹಾಗಾಗಿ ಹೋದ ವರ್ಷದ ಲೆಕ್ಕ ನಡೆಯುವುದಿಲ್ಲ. ಪಂಚಾಂಗ, ಹಿಜರಿ ಕ್ಯಾಲೆಂಡರ್, ಚರ್ಚಿನ ಕ್ಯಾಲೆಂಡರ್ ಮೂರನ್ನೂ ಪಕ್ಕಪಕ್ಕ ಹರಡಿಕೊಂಡು, ನೋಟಿಸಿನ ಎರಡು ತಿಂಗಳ ಕಿಟಕಿಯಲ್ಲಿ ಬೀಳುವ ದಿನ ಹುಡುಕಿ.

ನಿಕಾಹ್ ಮೂಲತಃ ಕರಾರು. ಒಂದೇ ಬೈಠಕ್ಕಿನಲ್ಲಿ ಒಬ್ಬರ ಪ್ರಸ್ತಾಪ, ಇನ್ನೊಬ್ಬರ ಸಮ್ಮತಿ, ಸುನ್ನಿಗಳಲ್ಲಿ ಇಬ್ಬರು ವಯಸ್ಕ ಮುಸ್ಲಿಂ ಪುರುಷ ಸಾಕ್ಷಿಗಳು, ಜೊತೆಗೆ ಮೆಹರ್. ಮೆಹರ್ ವರದಕ್ಷಿಣೆಯಲ್ಲ, ಅದರ ತದ್ವಿರುದ್ಧ: ಗಂಡ ಹೆಂಡತಿಗೆ ಕೊಡಬೇಕಾದ, ಆಕೆಗೊಬ್ಬಳಿಗೇ ಸೇರಿದ ಹಕ್ಕು. ತಕ್ಷಣ ಕೊಡುವುದು, ಮುಂದೆ ಕೊಡುವುದು ಎಂದು ಅದರಲ್ಲಿ ಎರಡು ಬಗೆ. ತಪ್ಪಾಗುವುದು ಬರೆಯುವಾಗ. ಮೊತ್ತವನ್ನು ಬರಿಯ ರೂಪಾಯಿಯಲ್ಲಿ ಬರೆದರೆ ಇಪ್ಪತ್ತು ವರ್ಷದ ಮೇಲೆ ಅದಕ್ಕೆ ಬೆಲೆಯಿರುವುದಿಲ್ಲ. ಇಷ್ಟು ಗ್ರಾಂ ಚಿನ್ನ ಎಂದು ಬರೆಸಿ, ಕೊಟ್ಟಾಗಿದೆಯೇ ಬಾಕಿಯೇ ಎಂಬುದನ್ನೂ ನಿಕಾಹ್‌ನಾಮಾದಲ್ಲಿ ತುಂಬಿಸಿ, ವಧುವಿನ ಕೈಗೆ ಒಂದು ಪ್ರತಿ ಕೊಡಿಸಿ.

ಕ್ಯಾಥೊಲಿಕ್ ಚರ್ಚಿಗೆ ಮದುವೆ ಸಂಸ್ಕಾರ, ಬಿಡಿಸಲಾಗದ ಬಂಧ. ಅದಕ್ಕೇ ಅಲ್ಲಿ ತಯಾರಿ ಉದ್ದ. ಜ್ಞಾನಸ್ನಾನದ (ಬ್ಯಾಪ್ಟಿಸಂ) ಪ್ರಮಾಣಪತ್ರದ ಹೊಸ ಪ್ರತಿ, ವಿವಾಹ ಪೂರ್ವ ತರಬೇತಿ, ಪೂಜೆಯ ಹೊತ್ತಿನಲ್ಲಿ ಮದುವೆಯ ಪ್ರಕಟಣೆ. ಜ್ಞಾನಸ್ನಾನ ಪಡೆಯದವರನ್ನು ಮದುವೆಯಾಗಲು ಧರ್ಮಾಧ್ಯಕ್ಷರ (ಬಿಷಪ್) ವಿನಾಯಿತಿ ಬೇಕು, ಅದನ್ನು ಧರ್ಮಕೇಂದ್ರದ ಗುರುಗಳ (ನಿಮ್ಮ ಚರ್ಚಿನ ಪಾದ್ರಿ) ಮೂಲಕವೇ ಕೇಳಬೇಕು. ಮೂರು ತಿಂಗಳು ಮುಂಚೆ ಹೋಗಿ ಮಾತಾಡಿ. ಆ ವಿನಾಯಿತಿಗೆ ಕ್ಯಾಥೊಲಿಕ್ ಆದವರು, ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಿ ಆ ವಿಶ್ವಾಸದಲ್ಲಿ ಬೆಳೆಸಲು ತಮ್ಮಿಂದಾದಷ್ಟು ಪ್ರಯತ್ನಿಸುತ್ತೇನೆ ಎಂದು ಮಾತು ಕೊಡಬೇಕು. ಇನ್ನೊಬ್ಬರಿಗೆ ಅದು ತಿಳಿದಿರಬೇಕು. ತೊಟ್ಟಿಲು ಶಾಸ್ತ್ರದ ದಿನ ಅಜ್ಜಿಯರಿಬ್ಬರ ನಡುವೆ ಸ್ಫೋಟವಾಗುವುದು ಇದೇ ಮಾತು. ನಿಶ್ಚಿತಾರ್ಥಕ್ಕೆ ಮೊದಲೇ ಎರಡೂ ಮನೆಯ ಹಿರಿಯರ ಎದುರು ಬಾಯಿಬಿಟ್ಟು ಹೇಳಿ. ಬೆಂಗಳೂರಿನ ಎಷ್ಟೋ ಕನ್ನಡ, ತಮಿಳು ಕ್ರೈಸ್ತರ ಮದುವೆಯಲ್ಲಿ ಉಂಗುರದ ಜೊತೆ ಮಾಂಗಲ್ಯವನ್ನೂ ಆಶೀರ್ವದಿಸಿ ಕಟ್ಟುತ್ತಾರೆ. ಹಿಂದೂ ತಾಯಿಗೆ ಇದು ದೊಡ್ಡ ಸಮಾಧಾನ, ಗುರುಗಳನ್ನು ಮೊದಲೇ ಕೇಳಿಕೊಳ್ಳಿ.

ಸಿಖ್ಖರ ಮದುವೆಯಾದ ಆನಂದ ಕಾರಜದಲ್ಲಿ ಗುರು ಗ್ರಂಥ ಸಾಹಿಬ್ ಸುತ್ತ ನಾಲ್ಕು ಲಾವಾಂ (ಪ್ರದಕ್ಷಿಣೆ). ಹಲಸೂರಿನ ಗುರುದ್ವಾರದಲ್ಲಿ ಮಾಡಿಸುವ ಯೋಚನೆಯಿದ್ದು ಒಬ್ಬರು ಸಿಖ್ ಅಲ್ಲದಿದ್ದರೆ ಒಪ್ಪುತ್ತಾರೆಯೇ ಎಂದು ಮೊದಲು ವಿಚಾರಿಸಿ. ಪಾರ್ಸಿಗಳ ಆಶೀರ್ವಾದ ವಿಧಿ ಇಬ್ಬರೂ ಪಾರ್ಸಿಗಳಾಗಿದ್ದರೆ ಮಾತ್ರ ಕಾನೂನಿನ ಮದುವೆ.

ಸಲಿಂಗ ಜೋಡಿಗಳ ಮದುವೆಗೆ ಭಾರತದ ಕಾನೂನಿನಲ್ಲಿ ಇನ್ನೂ ಜಾಗವಿಲ್ಲ. 2023ರ ಅಕ್ಟೋಬರ್ 17ರ ತೀರ್ಪು ಅದನ್ನು ಸಂಸತ್ತಿಗೆ ಬಿಟ್ಟಿತು. ಜಂಟಿ ಬ್ಯಾಂಕ್ ಖಾತೆ, ನಾಮಿನಿ, ಉಯಿಲು, ಚಿಕಿತ್ಸೆಯ ಕುರಿತ ಮುಂಗಡ ನಿರ್ದೇಶನ, ಈ ನಾಲ್ಕನ್ನು ಇಂದೇ ಮಾಡಿಕೊಳ್ಳಬಹುದು. ಮಾಡಿಕೊಳ್ಳಲೇಬೇಕು.

ಯಾರು ಯಾರಿಗೆ ಏನಾಗಬೇಕು

ಕನ್ನಡದಲ್ಲಿ ಅತ್ತೆ ಎಂದರೆ ಅಪ್ಪನ ತಂಗಿಯೂ ಹೌದು, ಗಂಡನ ತಾಯಿಯೂ ಹೌದು. ಮಾವ ಎಂದರೆ ಅಮ್ಮನ ಅಣ್ಣನೂ ಹೌದು, ಹೆಂಡತಿಯ ಅಪ್ಪನೂ ಹೌದು. ದೊಡ್ಡಪ್ಪ, ಚಿಕ್ಕಮ್ಮನ ಮಕ್ಕಳು ಅಣ್ಣ ತಂಗಿಯರು. ಸೋದರತ್ತೆಯ, ಸೋದರಮಾವನ ಮಕ್ಕಳು ಭಾವ, ಅತ್ತಿಗೆ. ಯಾರನ್ನು ಮದುವೆಯಾಗಬಹುದು ಎಂಬ ಲೆಕ್ಕ ನಮ್ಮ ಮಾತಿನಲ್ಲೇ ಕೂತಿದೆ. ಉತ್ತರದ ಬಹುಪಾಲು ಹಿಂದೂಗಳಿಗೆ ಮಾಮನ ಮಗಳು ತಂಗಿ, ಅವಳೊಡನೆ ಮದುವೆ ಎಂದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ಮುಸ್ಲಿಮರಲ್ಲಿ ಚಿಕ್ಕಪ್ಪನ ಮಗಳೂ ಆಗುತ್ತದೆ, ಆದರೆ ನಮ್ಮಲ್ಲಿ ನಡೆದುಬಂದಿರುವ ಅಕ್ಕನ ಮಗಳ ಮದುವೆ ಅವರಿಗೆ ಹರಾಮ್. ಒಂದೇ ತಾಯಿಯ ಎದೆಹಾಲು ಕುಡಿದ ಇಬ್ಬರು ಮಕ್ಕಳು ರಕ್ತಸಂಬಂಧವಿಲ್ಲದಿದ್ದರೂ ಅವರಲ್ಲಿ ಒಡಹುಟ್ಟಿದವರ ಸಮಾನ, ಮದುವೆಯಾಗುವಂತಿಲ್ಲ. ಕ್ಯಾಥೊಲಿಕ್ಕರಲ್ಲಿ ಅಣ್ಣತಮ್ಮ, ಅಕ್ಕತಂಗಿಯರ ಮಕ್ಕಳ ನಡುವೆ ವಿನಾಯಿತಿಯಿಲ್ಲದೆ ಮದುವೆಯಿಲ್ಲ. ತುಳುನಾಡಿನಲ್ಲಿ ‘ಬರಿ’ ಎಂಬ ವಂಶದ ಗುರುತು ತಾಯಿಯ ಕಡೆಯಿಂದ ಬರುತ್ತದೆ, ಒಂದೇ ಬರಿಯವರು ಒಡಹುಟ್ಟಿದವರಂತೆ.

ಇದರ ಕಾನೂನು ಮುಖ ಹೀಗಿದೆ. ಸೋದರಮಾವ–ಅಕ್ಕನ ಮಗಳು, ಸೋದರತ್ತೆ–ಸೋದರಮಾವನ ಮಕ್ಕಳು, ಇವೆಲ್ಲ ಹಿಂದೂ ವಿವಾಹ ಕಾಯ್ದೆಯ ನಿಷಿದ್ಧ ಪಟ್ಟಿಯಲ್ಲೇ ಇವೆ. ನಿಮ್ಮ ಸಮುದಾಯದ ರೂಢಿ ಒಪ್ಪುತ್ತದೆ ಎಂಬ ಕಾರಣಕ್ಕೆ ಮಾತ್ರ ಸಿಂಧು. ವಿಶೇಷ ವಿವಾಹದಲ್ಲಿ ಆ ರೂಢಿಯನ್ನು ರಾಜ್ಯ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿರಬೇಕು ಎಂಬ ಷರತ್ತಿದೆ. ಹಾಗಾಗಿ ಅತ್ತೆಯ ಮಗನನ್ನು ‘ರಿಜಿಸ್ಟರ್ ಮದುವೆ’ ಆಗುತ್ತೇನೆಂದು ನೇರ ಕಚೇರಿಗೆ ಹೋದವರು ಬರಿಗೈಲಿ ಬರಬಹುದು. ಶಾಸ್ತ್ರದಂತೆ ಮದುವೆಯಾಗಿ ಹಿಂದೂ ವಿವಾಹ ಕಾಯ್ದೆಯಡಿ ನೋಂದಾಯಿಸಿ, ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಸಪಿಂಡ ಸಂಬಂಧ (ರೂಢಿ ಒಪ್ಪದ ಹೊರತು ಮದುವೆಯಾಗಬಾರದ ಹತ್ತಿರದ ವಂಶಸಂಬಂಧ) ಎಲ್ಲಿಯವರೆಗೆ ಎಂದರೆ ತಾಯಿಯ ಕಡೆ ಮೂರು ತಲೆಮಾರು, ತಂದೆಯ ಕಡೆ ಐದು, ನಿಮ್ಮನ್ನೂ ಸೇರಿಸಿ ಎಣಿಸಬೇಕು. ಮನೆಯ ಹಿರಿಯರನ್ನು ಕೂರಿಸಿಕೊಂಡು ಅಷ್ಟು ತಲೆಮಾರಿನ ಹೆಸರು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಆಸ್ತಿ ಮತ್ತು ಅಮ್ಮ

ಯಾವ ಕಾಯ್ದೆಯಲ್ಲಿ ಮದುವೆಯಾದಿರಿ ಎಂಬುದು ಮುಂದೆ ಯಾರನ್ನು ಕುಟುಂಬವೆಂದು ಎಣಿಸುತ್ತಾರೆ ಎಂಬುದನ್ನೂ ಬದಲಿಸುತ್ತದೆ. ಒಬ್ಬ ಗಂಡಸು ಉಯಿಲು ಬರೆಯದೆ ತೀರಿಕೊಂಡ ಎನ್ನಿ. ಮನೆಯಲ್ಲಿ ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು, ವಯಸ್ಸಾದ ತಾಯಿ. ಅವನ ಸ್ವಂತ ದುಡಿಮೆಯ ಸೈಟು ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ನಾಲ್ಕು ಸಮಪಾಲು, ತಾಯಿಗೂ ಕಾಲು ಭಾಗ. ಶರೀಯತ್ತಿನಲ್ಲಿ ಹೆಂಡತಿಗೆ ಎಂಟರಲ್ಲೊಂದು, ತಾಯಿಗೆ ಆರರಲ್ಲೊಂದು, ಉಳಿದದ್ದು ಮಗನಿಗೆ ಎರಡು, ಮಗಳಿಗೆ ಒಂದರ ಲೆಕ್ಕದಲ್ಲಿ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿಗೆ ಮೂರರಲ್ಲೊಂದು, ಉಳಿದದ್ದು ಮಕ್ಕಳಿಗೆ ಸಮನಾಗಿ. ತಾಯಿಗೆ ಏನೂ ಇಲ್ಲ. ಕ್ರೈಸ್ತರಿಗೂ, ವಿಶೇಷ ವಿವಾಹವಾದ ಅಂತರ್ಧರ್ಮೀಯ ಜೋಡಿಗಳಿಗೂ ಅನ್ವಯಿಸುವುದು ಈ ಮೂರನೆಯದು. ಇಬ್ಬರೂ ಹಿಂದೂಗಳಾಗಿ ವಿಶೇಷ ವಿವಾಹವಾಗಿದ್ದರೆ ಹಿಂದೂ ಕಾಯ್ದೆಯೇ ಮುಂದುವರಿಯುತ್ತದೆ.

‘ಬೇರೆ ಧರ್ಮದವಳನ್ನು ಕಟ್ಟಿಕೊಂಡರೆ ಪಿತ್ರಾರ್ಜಿತ ಹೋಯಿತು’ ಎಂದು ಹೆದರಿಸುವುದುಂಟು. ವಿಶೇಷ ವಿವಾಹದಲ್ಲಿ ಹಿಂದೂ ಅಲ್ಲದವರನ್ನು ಮದುವೆಯಾದ ಹಿಂದೂ ವ್ಯಕ್ತಿ ತನ್ನ ಅವಿಭಕ್ತ ಕುಟುಂಬದಿಂದ ಬೇರೆಯಾಗುವುದು ನಿಜ. ಬೇರೆಯಾಗುವುದೆಂದರೆ ಪಾಲು ಕಳೆದುಕೊಳ್ಳುವುದಲ್ಲ, ಆವರೆಗಿನ ಪಾಲು ಪ್ರತ್ಯೇಕವಾಗುವುದು.

ಮಕ್ಕಳ ಜಾತಿ ಪ್ರಮಾಣಪತ್ರ ಅಪ್ಪನದನ್ನೇ ಅನುಸರಿಸಬೇಕೆಂಬ ಕಟ್ಟುನಿಟ್ಟಿಲ್ಲ. ಪರಿಶಿಷ್ಟ ಜಾತಿ ಅಥವಾ ಪಂಗಡದ ತಾಯಿಯ ಸಮುದಾಯದಲ್ಲೇ, ಅದರ ಕಷ್ಟಗಳನ್ನು ಉಂಡು ಬೆಳೆದ ಮಗು ತಾಯಿಯ ಜಾತಿಯನ್ನು ಸಾಬೀತುಪಡಿಸಬಹುದು ಎಂದು 2012ರ ಸುಪ್ರೀಂ ಕೋರ್ಟ್ ತೀರ್ಪಿದೆ. ಶಾಲೆಗೆ ಸೇರಿಸುವಾಗ ಜಾತಿ, ಧರ್ಮದ ಅಂಕಣದಲ್ಲಿ ಏನು ಬರೆಸುತ್ತೀರಿ ಎಂಬುದನ್ನು ಇಬ್ಬರೂ ಕೂತು ನಿರ್ಧರಿಸಿಯೇ ಬರೆಸಿ. ಆಮೇಲೆ ತಿದ್ದಿಸುವುದು ವರ್ಷಗಟ್ಟಲೆ ಓಡಾಟ.

ಉಯಿಲನ್ನು ಮದುವೆಯಾದ ಮೇಲೆ ಬರೆಯಿರಿ, ಏಕೆಂದರೆ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ ಮೊದಲು ಬರೆದದ್ದು ಮದುವೆಯೊಂದಿಗೆ ರದ್ದಾಗುತ್ತದೆ (ಹಿಂದೂಗಳ ಉಯಿಲಿಗೆ ಈ ನಿಯಮವಿಲ್ಲ). ಅಮ್ಮನಿಗೆ ಜೀವಮಾನ ಪೂರ್ತಿ ಮನೆಯಲ್ಲಿ ಇರುವ ಹಕ್ಕನ್ನು ಅದರಲ್ಲಿ ಬಿಡಿಸಿ ಬರೆಯಿರಿ. ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು, ಅವರು ಆ ಉಯಿಲಿನಿಂದ ಏನನ್ನೂ ಪಡೆಯದವರಾಗಿರಲಿ.